ಮೌಲಾ ಟೇಲರ್ ಸ್ಟಾಪು

ನಮ್ಮ ರಾಯಚೂರಿನಲ್ಲಿ ಕಟ್ಟಡಗಳನ್ನು ಕೆಡವಬಹುದು, ಅವುಗಳ ವಿಳಾಸವನ್ನು ಕೆಡವುವುದು ಮಾತ್ರ ಯಾರಪ್ಪನಿಂದಲೂ ಸಾಧ್ಯವಿಲ್ಲ. ಟಾಕೀಸು ಹೋಗಿ ಅಲ್ಲಿ ಫಂಕ್ಷನ್ ಹಾಲು ಎದ್ದು ವರ್ಷಗಳಾದರೂ ಜನ ಇಂದಿಗೂ ಇಳಿಯುವುದು ಟಾಕೀಸಿನ ಹತ್ತಿರವೇ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಕಾರ್ಖಾನೆಯ ಜಾಗದಲ್ಲಿ ಈಗ ದೊಡ್ಡ ಬಟ್ಟೆ ಅಂಗಡಿ ಇದೆ. ಗಾಜಿನ ಗೋಡೆ, ತಣ್ಣನೆಯ ಗಾಳಿ, ತಾನೇ ಮೇಲೇರುವ ಮೆಟ್ಟಿಲು. ಮಾನ್ವಿ ಊರಿನ ಜನ ಅಲ್ಲಿಂದ ಚೀಲ ಹಿಡಿದು ಹೊರಬಂದು, "ಜಿನ್ನಿನ್ಯಾಗ ಸೀರಿ ತಗೊಂಡ್ವಿ" ಎನ್ನುತ್ತಾರೆ. ಇದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆಗ ನನಗೂ ಒಂದು ಅಂಗಡಿ ಇತ್ತು.

ನಾನು ದರ್ಜಿ. ಫಂಕ್ಷನ್ ಹಾಲಿನ ಎದುರಿಗೆ ಅಬ್ಬಾ ಇಟ್ಟ ಅಂಗಡಿ, ನನ್ನದೇ ಹೆಸರು: ಮೌಲಾ ಟೇಲರ್. ಮನೆಯಲ್ಲಿ ಮದುವೆ ಬಂತೆಂದರೆ ದೇವದುರ್ಗ, ಕವಿತಾಳದ ಹಿರಿಯರು ನೆಹರೂ ಶರ್ಟು ಹೊಲಿಸಲು ನನ್ನಲ್ಲಿಗೇ ಬರುತ್ತಿದ್ದರು. ಫಂಕ್ಷನ್ ಹಾಲಿನಲ್ಲಿ ಮದುವೆಗಳು ಹೆಚ್ಚಿದವು, ಕಾರುಗಳು ಹೆಚ್ಚಿದವು, ನಿಲ್ಲಿಸಲು ಜಾಗ ಸಾಲದಾಯಿತು. ನಮ್ಮ ಅಂಗಡಿಸಾಲಿನ ಮಾಲೀಕರು ಅಂಗಡಿಗಳನ್ನು ಕೆಡವಿ ಕಾರು ನಿಲ್ಲಿಸಲು ಹಾಲಿನವರಿಗೆ ಜಾಗ ಕೊಟ್ಟೇಬಿಟ್ಟರು. ನಾನು ಮಷಿನ್ ಎತ್ತಿಕೊಂಡು ದೂರದ ಗಲ್ಲಿಯೊಂದಕ್ಕೆ ಬಂದು ಕುಳಿತೆ. ಗಿರಾಕಿಗಳಿಗೆ ಫೋನು ಮಾಡಿ ತಿಳಿಸಬಹುದಿತ್ತಲ್ಲ ಎನ್ನುತ್ತೀರಿ. ದರ್ಜಿಗೆ ಯಾರೂ ತಮ್ಮ ನಂಬರು ಕೊಡುವುದಿಲ್ಲ, ನಮ್ಮ ನಂಬರನ್ನೂ ಕೇಳುವುದಿಲ್ಲ. ಫೋನಿನಲ್ಲಾದರೆ ನಾವು "ನಾಳಿ ಬರ್ರಿ" ಎಂದುಬಿಡುತ್ತೇವೆಂದು ಎಲ್ಲರಿಗೂ ಗೊತ್ತು. ಅದಕ್ಕೇ ನೇರವಾಗಿ ಬಂದು ಎದೆಯ ಮೇಲೆ ಕುಳಿತುಕೊಳ್ಳುತ್ತಾರೆ.

ಮದುವೆಯ ದಿನಗಳು ಬಂದವು, ಗಿರಾಕಿಗಳು ಬರಲಿಲ್ಲ. ನೊಣ ಹೊಡೆಯುತ್ತ ಕುಳಿತಿದ್ದ ಒಂದು ಮಧ್ಯಾಹ್ನ ಕವಿತಾಳದ ವೀರಭದ್ರಪ್ಪನವರು ಬೆವರು ಒರೆಸಿಕೊಳ್ಳುತ್ತ ಬಂದರು. ನನಗೆ ಹೋದ ಜೀವ ಬಂದಂತಾಯಿತು. ಟೇಪು ಕೊರಳಿಗೆ ಹಾಕಿಕೊಂಡು ಎದ್ದೆ.

"ಏನಪಾ ಮೌಲಾಸಾಬ, ನಿನ್ನ ಹೆಸರು ಹೇಳಿ ಯಾವ ಆಟೋ ಹತ್ತಿದ್ರೂ ಆ ಕಾರುಗಳ ನಡುವ ಇಳಿಸಿ ಹೋಗ್ತಾರ! ಚಾದಂಗಡಿಯಾಗ ಕೇಳಿ ಕೇಳಿ ಬಂದೆ."

"ಬರ್ರಿ ಯಪ್ಪಾ, ಅಳತಿ ತಗೋತೀನಿ."

"ಎಲ್ಲೀ ಅಳತಿ? ನಾಳೀನ ಮದಿವಿ ಅದ. ನೀ ಸಿಗಲಿಲ್ಲಂತ ಜಿನ್ನಿನ್ಯಾಗ ರೆಡಿಮೇಡ್ ತಗೊಂಡೀನಿ. ತೋಳು ಉದ್ದ ಆಗ್ಯಾವ, ಒಂದೀಟು ಮಡಚಿ ಕೊಡು."

ಮಡಚಿಕೊಟ್ಟೆ. ಇಷ್ಟು ವರ್ಷ ಅವರ ಮೈಯ ಅಳತೆ ಬಲ್ಲ ನನ್ನ ಕೈ ಅಂದು ಪರರ ಅಂಗಿಯ ತೋಳು ಮಡಚುತ್ತಿತ್ತು. ಮನೆಗೆ ಬಂದರೆ ಹೆಂಡತಿ ಬೇಗಮ್ಮು, ಮಷಿನ್ ಮಾರಿ ಸುಮ್ಮನೆ ಮನೆಯಲ್ಲಿರಿ ಎಂದಳು. ನಾನು ಸುಮ್ಮನೆ ಮನೆಯಲ್ಲಿದ್ದರೆ ಮೊದಲು ತಲೆಕೆಡುವುದು ಅವಳಿಗೇ ಎಂಬುದನ್ನು ಅವಳು ಮರೆತಿದ್ದಳು, ಅಷ್ಟು ಬೇಸತ್ತಿದ್ದಳು.

ಮೊನ್ನೆ ದೇವದುರ್ಗಕ್ಕೆ ಹೋಗಿ ಬಂದು ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿದೆ. ನನ್ನ ಹೊಸ ಗಲ್ಲಿಯ ಹೆಸರು ಹೇಳಿದೆ, ನೀರಿನ ಟ್ಯಾಂಕು ಹೇಳಿದೆ, ಮೂಲೆಯ ಮೊಬೈಲ್ ಅಂಗಡಿ ಹೇಳಿದೆ. ಡ್ರೈವರನಿಗೆ ತಲೆಬುಡ ತಿಳಿಯಲಿಲ್ಲ. ಬಿಸಿಲಿಗೆ ನನ್ನ ತಲೆಯೂ ಕೆಟ್ಟು, "ಮೌಲಾ ಟೇಲರ್ ಅಂಗಡಿಗೆ ನಡಿಯಪ್ಪಾ" ಎಂದುಬಿಟ್ಟೆ.

ಅವನ ಮುಖ ಅರಳಿತು. "ಮೊದ್ಲ ಹೇಳಬಾರ್ದೇನ್ರಿ ಕಾಕಾ? ಮೌಲಾ ಟೇಲರ್ ಗೊತ್ತಿಲ್ದಾವ ಈ ಊರಾಗ ಯಾರದಾನ?"

ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು. ಆಟೋ ತಪ್ಪು ದಾರಿ ಹಿಡಿದದ್ದು ಕಾಣುತ್ತಿದ್ದರೂ ತಡೆಯಲು ಬಾಯಿ ಬರಲಿಲ್ಲ. ಅವನು ಫಂಕ್ಷನ್ ಹಾಲಿನ ಎದುರು ಮರ್ಯಾದೆಯಿಂದ ಇಳಿಸಿ ಹೋದ. ಕಾರುಗಳ ನಡುವೆ ನುಸುಳಿ, ನನ್ನ ಮಷಿನ್ ಇದ್ದ ಜಾಗ ಅಂದಾಜು ಮಾಡಿ ಅಲ್ಲಿ ನಿಂತೆ. ವಾಚ್‌ಮನ್ ಸೀಟಿ ಊದುತ್ತ ಬಂದ.

"ಯಾರ್ನ ಹುಡುಕಾಕತ್ತೀರಿ?"

"ಮೌಲಾ ಟೇಲರ್‌ನ" ಎಂದೆ.

"ಇದ ರೀ ಮೌಲಾ ಟೇಲರ್" ಎಂದು ನನ್ನ ಕಾಲ ಕೆಳಗಿನ ಸಿಮೆಂಟು ತೋರಿಸಿದ. "ಸ್ವಲ್ಪ ಸರೀರಿ, ಗಾಡಿ ಬರಾಕತ್ತದ."

ಸರಿದು ನಿಂತೆ.