ಉಸಿರಾಡದ ಕೀಬೋರ್ಡಿಗೆ, ಅತ್ತೆಯ ಹಾಡಿನ ಪರವಾಗಿ

ಸಕಲ ವಾದ್ಯಗಳನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ನಮ್ಮ ನಡುಕೋಣೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಕೀಬೋರ್ಡ್ ಮಹಾಶಯರೇ,

ತಾವೂ ತಮ್ಮ ವೈರೂ ಕ್ಷೇಮವೆಂದು ನಂಬಿದ್ದೇನೆ. ಇದೇ ಮನೆಯ ಮುಂದಿನ ಕೋಣೆಯಲ್ಲಿ ಬಹಳ ವರ್ಷಗಳಿಂದ ಹಾರ್ಮೋನಿಯಂ ಪಾಠ ಹೇಳಿಕೊಂಡು ಬಂದಿರುವ ನಾನು ತಮ್ಮ ಆಗಮನದ ದಿನವೇ ಅಭಿನಂದನೆ ಸಲ್ಲಿಸಬೇಕಿತ್ತು. ತಮ್ಮ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ನನ್ನ ಶಿಷ್ಯರಿಗೆ ಸರಿಗಮ ಕೈಗೆ ಹತ್ತುವ ಹೊತ್ತಿಗೆ ಅವರ ಅಂಗಿಗಳು ಗಿಡ್ಡವಾಗಿರುತ್ತವೆ. ಹಲ್ಲಿನ ವೈದ್ಯರಾದ ನನ್ನ ಯಜಮಾನರೋ, ಸಂಗೀತದ ಗಂಧಗಾಳಿಯಿಲ್ಲದೆಯೇ, ತಮ್ಮ ಮೇಲೆ ಒಂದು ಬೆರಳಿಟ್ಟ ಕೂಡಲೇ ಡೋಲು, ಗಿಟಾರು, ಪಿಟೀಲುಗಳ ದಂಡಿಗೇ ದೊರೆಯಾದರು. "ಇಷ್ಟು ವರ್ಷ ಸುಮ್ನೆ ಒದ್ದಾಡಿದೆ ನೋಡು ನೀನು" ಎಂದು ನನಗೆ ಅನುಕಂಪವನ್ನೂ ತೋರಿಸಿದರು. ಹಲ್ಲು ಕೀಳುವುದಕ್ಕೂ ಇಂಥದೊಂದು ಗುಂಡಿ ಬಂದ ದಿನ ಅವರ ಮುಖ ನೋಡಬೇಕೆಂಬ ಆಸೆ ನನಗಿದೆ.

ಆದರೆ ದೂರು ನನ್ನದಲ್ಲ, ಅತ್ತೆಯವರದು. ಅವರಿಗೆ ಬಲು ಪ್ರಿಯವಾದ ಹಾಡೊಂದಿದೆ. ಎರಡನೆಯ ಸಾಲಿನ ನಡುವೆ ಉಸಿರು ಸಾಲದೆ ನಿಲ್ಲುತ್ತಾರೆ. ಆಗ ನಾನು ಹಾರ್ಮೋನಿಯಮ್ಮಿನ ತಿದಿಯನ್ನು ಮೆಲ್ಲಗೆ ಒತ್ತುತ್ತ ಅದೇ ಸ್ವರದಲ್ಲಿ ಕಾದಿರುತ್ತೇನೆ. ಉಸಿರು ಬಂದಾಗ ಹಾಡು ಮುಂದೆ ಹೋಗುತ್ತದೆ, ಕೇಳುವವರು ಹಾಡೇ ಹಾಗಿದೆ ಎಂದುಕೊಳ್ಳುತ್ತಾರೆ. ಅವರ ಹುಟ್ಟುಹಬ್ಬದಂದು ನೆಂಟರೆದುರು ಪಕ್ಕವಾದ್ಯದ ಗೌರವ ತಮಗೆ ಸಂದಿತು. ತಾವು ಗಡಿಯಾರವೂ ನಾಚುವಂತೆ ತಾಳ ಬಾರಿಸುತ್ತ ನಡೆದಿರಿ, ಅತ್ತೆ ಎಂದಿನ ಜಾಗದಲ್ಲಿ ಉಸಿರಿಗಾಗಿ ನಿಂತರು, ಹಾಡು ಮುಗಿಯಿತೆಂದುಕೊಂಡ ಯಜಮಾನರು ಮುಕ್ತಾಯದ ಗುಂಡಿ ಒತ್ತಿದರು. ತಾವು ಭರ್ಜರಿಯಾಗಿ ಮುಗಿಸಿದಿರಿ. ನೆಂಟರು ಚಪ್ಪಾಳೆ ತಟ್ಟಿದರು. ಬಾಯಿ ತೆರೆದುಕೊಂಡೇ ಇದ್ದ ಅತ್ತೆ, ಸುಮ್ಮನೆ ನಕ್ಕು ಕುಳಿತುಬಿಟ್ಟರು.

ಅಂದಿನಿಂದ ಅವರು ಹಾಡಲಿಲ್ಲ. ಕೇಳಿದರೆ "ಅದರ ಜೊತೆ ಓಡೋಕೆ ನನ್ನಿಂದ ಆಗಲ್ಲಮ್ಮ" ಎನ್ನುತ್ತಿದ್ದರು. ನನಗೆ ಬಹಳ ಸಂಕಟವಾಯಿತು.

ಆದಕಾರಣ ತಾವು ನಾಳೆಯಿಂದ ನನ್ನ ಪುಟಾಣಿ ಶಿಷ್ಯರ ಸಾಲಿನಲ್ಲಿ ಕುಳಿತು ಮೊದಲು ಉಸಿರಾಡುವುದನ್ನು ಕಲಿಯಬೇಕೆಂದೂ, ದಿನಕ್ಕೊಮ್ಮೆಯಾದರೂ ತಪ್ಪು ನುಡಿಸಿ ನನ್ನಿಂದ ಬೈಸಿಕೊಳ್ಳಬೇಕೆಂದೂ, ಹಾಡುವವರ ಮುಖ ನೋಡುವುದಕ್ಕಾಗಿ ಆದಷ್ಟು ಬೇಗ ಎರಡು ಕಣ್ಣು ಮೂಡಿಸಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

ತಮಗೆ ಪುರುಸೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ತಾಯಿಯ ಮೌನ ನುಂಗಲಾರದ ತುತ್ತಾಗಿ, ಯಜಮಾನರೇ ಪಾಠಕ್ಕೆ ಸೇರಿದ್ದಾರೆ. ನಿನ್ನೆ ಸಂಜೆ ಹಾರ್ಮೋನಿಯಂ ಮುಂದೆ ಕುಳಿತು, ತಿದಿ ಒತ್ತಿದರೆ ಬೆರಳು ಮರೆಯುತ್ತ, ಬೆರಳು ನೆನಪಾದರೆ ತಿದಿ ಮರೆಯುತ್ತ, ಅದೇ ಹಾಡನ್ನು ಹುಡುಕುತ್ತಿದ್ದರು. ಯಾರೂ ಕರೆಯದಿದ್ದರೂ ಅತ್ತೆ ಬಂದು ಪಕ್ಕದಲ್ಲಿ ಕುಳಿತು ಹಾಡತೊಡಗಿದರು. ಮೊದಲ ಸಾಲಿನಲ್ಲೇ ಮಗನ ಬೆರಳು ದಾರಿ ತಪ್ಪಿತು. ಅತ್ತೆ ತಮಗಿದ್ದಷ್ಟು ಉಸಿರಿನಲ್ಲೇ ಸ್ವರವನ್ನು ಎಳೆದು ಹಿಡಿದು, ಮಗನಿಗೆ ಮುಂದಿನದು ಸಿಗುವವರೆಗೂ ಕಾದರು.

ಇನ್ನೂ ಕೈಯಿಂದಲೇ ನುಡಿಸುವ,
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಹಾರ್ಮೋನಿಯಂ ಟೀಚರ್

ತಾ.ಕ.: ತಮ್ಮಲ್ಲಿ ಚಪ್ಪಾಳೆಯದೂ ಒಂದು ಗುಂಡಿ ಇದೆಯೆಂದು ತಿಳಿದು ಸಂತೋಷವಾಯಿತು. ಬೇರೆ ಯಾರೂ ತಟ್ಟದಿದ್ದಾಗ ತನಗೆ ತಾನೇ ತಟ್ಟಿಕೊಳ್ಳುವ ಸೌಲಭ್ಯ ನಮ್ಮ ಹಾರ್ಮೋನಿಯಮ್ಮಿಗೆ ಇಲ್ಲವೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ.