ದೃಷ್ಟಿಗೆ ಬಿದ್ದ ಬ್ರೊಮೆಲಿಯಾಡ್

ಕಾಟಲಿಂಗಪ್ಪನ ಅಪ್ಪ ಕುರಿ ಸಾಕಿ ಊರಲ್ಲಿ ಮರ್ಯಾದೆ ಗಳಿಸಿದ್ದ. ಮಗ ಹೊಳಲ್ಕೆರೆಯಲ್ಲಿ ಸರ್ಕಾರಿ ಗುಮಾಸ್ತನಾಗಿ, ಕುರಿ ಕೂಡ ಮೂಸಿ ನೋಡದಂಥ ಗಿಡಗಳನ್ನು ಮಹಡಿ ಮೇಲೆ ಸಾಕುತ್ತಿದ್ದ. ಬ್ರೊಮೆಲಿಯಾಡ್ ಅಂತ ಅದರ ಹೆಸರು. ಅನಾನಸ್ ಹಣ್ಣಿನ ಜುಟ್ಟು ಕಿತ್ತು ಕುಂಡದಲ್ಲಿ ಕೂರಿಸಿದರೆ ಹೇಗಿರುತ್ತದೋ ಹಾಗಿರುತ್ತದೆ. ಎಲೆಗಳ ನಡುವೆ ಒಂದು ಬಟ್ಟಲು, ಅದರಲ್ಲಿ ಸದಾ ನೀರು ನಿಂತಿರಬೇಕು. ವರ್ಷಗಟ್ಟಲೆ ಕಾಯಿಸಿ ಒಂದೇ ಒಂದು ಸಲ ಹೂ ಬಿಟ್ಟು, ಬುಡದಲ್ಲಿ ಮರಿ ಹಾಕಿ, ತಾನು ಸಾಯುತ್ತದೆ. ಇಷ್ಟು ಉಪಕಾರಕ್ಕೆ ಕಾಟಲಿಂಗಪ್ಪ ಅದಕ್ಕೆ ಹಸಿರು ಪರದೆ ಕಟ್ಟಿ, ಮಳೆನೀರು ಹಿಡಿದಿಟ್ಟು ಕುಡಿಸುತ್ತಿದ್ದ. ಮನೆಯವರಿಗೆ ನಲ್ಲಿ ನೀರು.

ಹೆಂಡತಿ ಕೆಂಚಕ್ಕ ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ನೋಡ್ರಿ, ದುರ್ಗದ ಹೂವಿನ ಪ್ರದರ್ಶನದಾಗೆ ಬಹುಮಾನ ಬಂತೋ, ಮಹಡಿ ನಿಮ್ದು. ಬರ್ಲಿಲ್ವೋ, ಇವನ್ನೆಲ್ಲ ತಿಪ್ಪೆಗೆ ಹಾಕಿ ಅಲ್ಲಿ ಹಪ್ಪಳ ಒಣಗಾಕ್ತೀನಿ."

ಕೆಂಚಕ್ಕ ಮಾತು ತಪ್ಪುವವಳಲ್ಲ. ಅದೇ ಕಾಟಲಿಂಗಪ್ಪನಿಗೆ ಹೆದರಿಕೆ.

ಪ್ರದರ್ಶನದ ದಿನ ಬೆಳಿಗ್ಗೆ ಕೆಂಪು ಹೂಗೊನೆ ಎತ್ತಿದ್ದ ಗಿಡವನ್ನು ಜಗಲಿ ಮೇಲೆ ತಂದಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ಕುಂಡ ಇತ್ತು, ಗಿಡ ಇರಲಿಲ್ಲ.

"ಇಲ್ಲಿದ್ದ ಗಿಡ ಎಲ್ಲೇ?"

"ಆ ಕತ್ತಾಳೆನಾ? ಎದುರುಮನೆ ಈರಕ್ಕ ಬಂದಿದ್ಲು. ಹೊಸ ಬಾಗ್ಲಿಗೆ ದೃಷ್ಟಿಗೆ ಕಟ್ಟಾಕೆ ಒಂದು ಕೊಡು ಅಂದ್ಲು. ಹೂ ಬಿಟ್ಟದ್ದು ಸಾಯ್ತೈತೆ ಅಂತ ನೀವೇ ಹೇಳಿದ್ರಲ್ಲ, ಹೆಂಗೂ ಸಾಯೋದು ಅಂತ ಅದನ್ನೇ ಕೊಟ್ಟೆ. ಚೆನ್ನಾಗಿರೋವು ಮಹಡಿ ಮ್ಯಾಲವೆ, ಅವನ್ನ ತಗಂಡು ಹೋಗ್ರಿ."

ಕಾಟಲಿಂಗಪ್ಪ ಒದ್ದೆ ಟವೆಲಿನಲ್ಲೇ ಬೀದಿ ದಾಟಿದ. ಅವನ ಗಿಡ ಈರಕ್ಕನ ಬಾಗಿಲ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ಬೇರಿಗೆ ಕೆಂಪು ಬಟ್ಟೆ, ಕುತ್ತಿಗೆಗೆ ಕರಿದಾರ, ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಮೇಲೆ ಕುಂಕುಮ ಬೇರೆ. ಬಟ್ಟಲಿನ ಮಳೆನೀರೆಲ್ಲ ಹೊಸ್ತಿಲಿಗೆ ಸುರಿದಿತ್ತು.

"ಕಟ್ಟಿದ್ದನ್ನ ಬಿಚ್ಚಿದ್ರೆ ಮನೆಗಾಗಲ್ಲ ಕಣಣ್ಣ," ಅಂದಳು ಈರಕ್ಕ, ಬಾಗಿಲಿಗೆ ಅಡ್ಡ ನಿಂತು.

ಕಾಟಲಿಂಗಪ್ಪ ಪ್ಯಾಂಟು ಸಿಕ್ಕಿಸಿಕೊಂಡು ಮಾರ್ಕೆಟ್ಟಿಗೆ ಓಡಿ, ಇದ್ದುದರಲ್ಲೇ ದೊಡ್ಡ ಬೂದುಗುಂಬಳಕಾಯಿ ಹೊತ್ತು ತಂದ. ಈರಕ್ಕ ಅದನ್ನು ತಟ್ಟಿ, ತಿರುಗಿಸಿ ನೋಡಿ ಒಪ್ಪಿದಳು.

"ಗಿಡ ತಗಂಡು ಹೋಗು. ದಾರ, ನಿಂಬೆಹಣ್ಣು ಮಾತ್ರ ಕೀಳಬ್ಯಾಡ. ಮಂತ್ರಿಸಿದ್ದು. ಕಿತ್ತರೆ ನಿನ್ ಮ್ಯಾಲೇ ಬರ್ತೈತೆ."

ಕಾಟಲಿಂಗಪ್ಪ ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಕೀಳಲಿಲ್ಲ.

ಗಿಡವನ್ನು ಕುಂಡದಲ್ಲಿ ಕೂರಿಸಿ, ಬಟ್ಟಲಿಗೆ ನೀರು ತುಂಬಿ ಬಸ್ ಹತ್ತಿದರೆ, ಪಕ್ಕದ ಮನೆಯ ಹನುಮಂತರಾಜು ಕರೆಯದೆಯೇ ಬಂದು ಪಕ್ಕದಲ್ಲಿ ಕುಳಿತ. ಸರ್ಕಾರದ ಪರವಾಗಿ ಸೊಳ್ಳೆ ಹುಡುಕಿ ನಿವೃತ್ತನಾದವನು. ಸರ್ಕಾರ ಬಿಟ್ಟರೂ ಅವನು ಬಿಟ್ಟಿರಲಿಲ್ಲ.

"ಏನಪ್ಪ ಇದು, ನೀರು ನಿಂತೈತಲ್ಲ? ಡೆಂಗಿ ಬಂದ್ರೆ ಯಾರು ಜವಾಬ್ದಾರಿ?" ಅಂದವನೇ ಕುಂಡವನ್ನು ಕಸಿದು ಕಿಟಕಿಯಾಚೆ ಬಗ್ಗಿಸಿದ. ಗಾಳಿಗೆ ನೀರು ಹಿಂದಿನ ಕಿಟಕಿಯಿಂದ ಒಳಗೆ ಬಂದು, ಮದುವೆಗೆ ಹೊರಟಿದ್ದ ಒಬ್ಬರ ಬಿಳಿ ಅಂಗಿಯ ಮೇಲೆ ಬಿತ್ತು. ಅವರು ಆಡಿದ ಮಾತನ್ನು ಬಸ್ಸಿನವರೆಲ್ಲ ಕೇಳಿಸಿಕೊಂಡರು. ಹನುಮಂತರಾಜು ಮಾತ್ರ ಹೊರಗಿನ ಜೋಳದ ಹೊಲ ನೋಡುತ್ತ ಕುಳಿತಿದ್ದ. ಆ ಗಲಾಟೆಯಲ್ಲಿ ಒಂದು ಎಲೆಯೂ ಮುರಿಯಿತು.

ದುರ್ಗದಲ್ಲಿ ಹೂವಿನಿಂದಲೇ ಒಂದು ಕೋಟೆ ಕಟ್ಟಿ ನಿಲ್ಲಿಸಿದ್ದರು. ನಿಜವಾದದ್ದು ಹಿಂದೆಯೇ ಇದ್ದರೂ ಜನ ಇದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಾಟಲಿಂಗಪ್ಪ ಮುರಿದ ಎಲೆಯನ್ನು ಹಿಂದಕ್ಕೆ ತಿರುಗಿಸಿ, ನಿಂಬೆಹಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತ. ತೀರ್ಪುಗಾರರು ಬಂದು ಕನ್ನಡಕ ಏರಿಸಿದರು.

"ಕೈ ತೆಗೀರಿ. ಏನಿದು?"

ಕಾಟಲಿಂಗಪ್ಪ ಕೈ ತೆಗೆದ. ಹಪ್ಪಳ ಕಣ್ಣಮುಂದೆ ಬಂತು. ಹನುಮಂತರಾಜು ಮುಂದೆ ಬಂದ.

"ನಮ್ ಕಡೆ ಪದ್ಧತಿ ಸಾರ್. ಹೊರದೇಶದ ಗಿಡ ಆದ್ರೇನು, ನಮ್ಮೋರ ಕಣ್ಣು ತಾಕ್ದೆ ಇರ್ತೈತಾ?"

ತೀರ್ಪುಗಾರರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು. "ವಿದೇಶಿ ಸಸ್ಯಕ್ಕೆ ದೇಸಿ ಸಂಸ್ಕಾರ. ಎಂಥಾ ಪರಿಕಲ್ಪನೆ," ಅಂದು ಮೊದಲ ಬಹುಮಾನ ಬರೆದೇಬಿಟ್ಟರು. ಹಸಿರು ಪರದೆ, ಮಳೆನೀರು, ವರ್ಷಗಳ ಚಾಕರಿ, ಯಾವುದನ್ನೂ ಯಾರೂ ಕೇಳಲಿಲ್ಲ. ಇರಲಿ, ಮಹಡಿ ಉಳಿಯಿತಲ್ಲ ಅಂತ ಕಾಟಲಿಂಗಪ್ಪನ ಕಣ್ಣು ತುಂಬಿ ಬಂತು. ಹನುಮಂತರಾಜು ಫೋಟೋ ತೆಗೆದು, 'ಸರ್ಕಾರದಿಂದ ಪ್ರಥಮ ಬಹುಮಾನ ಪಡೆದ ದೃಷ್ಟಿ ಗಿಡ' ಅಂತ ಬರೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ.

ಸಂಜೆ ಗಿಡವನ್ನು ಪ್ರದರ್ಶನದಲ್ಲೇ ಬಿಟ್ಟು, ಬಹುಮಾನದ ಕಪ್ ಹಿಡಿದು ಎದೆಯುಬ್ಬಿಸಿಕೊಂಡು ಕಾಟಲಿಂಗಪ್ಪ ತನ್ನ ಬೀದಿಗೆ ಬಂದ. ಮೊದಲನೆಯ ಮನೆ ಬಾಗಿಲಲ್ಲಿ ಒಂದು ಬ್ರೊಮೆಲಿಯಾಡ್ ತಲೆಕೆಳಗಾಗಿ ನೇತಾಡುತ್ತಿತ್ತು. ಎರಡನೆಯದರಲ್ಲಿ ಪಟ್ಟೆ ಎಲೆಯದ್ದು, ಅವನು ರೈಲಿನಲ್ಲಿ ತರಿಸಿ ಚಿಕ್ಕಜಾಜೂರು ಸ್ಟೇಷನ್ನಿನಿಂದ ತೊಡೆ ಮೇಲೆ ಇಟ್ಟುಕೊಂಡು ತಂದದ್ದು. ಅದರಾಚೆ ಇನ್ನೊಂದು. ಒಂದು ಆಟೋದ ಮುಂದೆ ಪುಟ್ಟ ಮರಿಯೊಂದು ಮೆಣಸಿನಕಾಯಿಗಳ ನಡುವೆ ತೂಗುತ್ತಿತ್ತು.

ಕೆಂಚಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮದುವೆಯಾದಾಗಿನಿಂದ ಅವಳ ಮುಖದಲ್ಲಿ ಇಷ್ಟು ಹೆಮ್ಮೆ ಅವನು ಕಂಡಿರಲಿಲ್ಲ.

"ಬೀದಿ ಹೆಂಗಸ್ರೆಲ್ಲ ಬಂದಿದ್ರು ಕಣ್ರಿ. ನಮಗೂ ಒಂದು ಕೊಡು ಅಂದ್ರು. ಮುತ್ತೈದೇರು ಬಾಯಿ ಬಿಟ್ಟು ಕೇಳಿದ್ರೆ ಇಲ್ಲ ಅನ್ನಾಕಾಗ್ತೈತಾ? ಅರಿಶಿನ ಕುಂಕುಮದ ಜತೆ ಒಂದೊಂದು ಕೊಟ್ಟೆ. ಎಲ್ರೂ ನಿಮ್ಮನ್ನೇ ಹೊಗಳಿದ್ರು."

ಕಾಟಲಿಂಗಪ್ಪ ಮೆಟ್ಟಿಲು ಹತ್ತಿದ. ಹಸಿರು ಪರದೆಯ ಕೆಳಗೆ ನೆಲ ಗುಡಿಸಿ ತೊಳೆದಿತ್ತು. ಖಾಲಿ ಕುಂಡಗಳು ಒಂದರೊಳಗೊಂದು ಕೂತು ಮೂಲೆ ಸೇರಿದ್ದವು.

"ನಾನು ಮಾತು ತಪ್ಪೋಳಲ್ಲ," ಅಂತ ಕೆಂಚಕ್ಕ ಕೆಳಗಿನಿಂದ ಕೂಗಿ ಹೇಳಿದಳು. "ಮಹಡಿ ಇನ್ನು ಪೂರ್ತಿ ನಿಮ್ದೇ."