ಮಾವನ ಅಂಗಡಿಯಲ್ಲಿ ಇಲ್ಲವೆಂಬುದಿಲ್ಲ

ಹೊಸಪೇಟೆಯ ಬಜಾರಿನಲ್ಲಿ ಸರಕು ತುಂಬಿದ್ದ ಅಂಗಡಿಗಳು ಎಷ್ಟೋ ಇದ್ದವು. ಆದರೆ ಏನೂ ಇಲ್ಲದೆಯೂ ಗಿರಾಕಿಗಳಿಂದ ಗಿಜಿಗುಡುತ್ತಿದ್ದ ಅಂಗಡಿ ಒಂದೇ, ಅದು ನಮ್ಮ ಸೋದರಮಾವನದು! ಯುದ್ಧದ ಕಾಲ. ಸಕ್ಕರೆಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು. ದೀಪಾವಳಿ ಹತ್ತಿರ ಬಂದಾಗ ಮಾವನ ಕಿರಾಣಿ ಅಂಗಡಿಯ ಡಬ್ಬಿಗಳಲ್ಲಿ ಗಾಳಿಯೊಂದು ಧಾರಾಳವಾಗಿತ್ತು. ಆದರೂ ಬಂದವರು ಎದ್ದು ಹೋಗುತ್ತಿರಲಿಲ್ಲ. ಹೋಗಬೇಕಾದರೆ ಮಾವ "ಇಲ್ಲ" ಎನ್ನಬೇಕಿತ್ತಲ್ಲ!

ಹಬ್ಬದ ದಿನಗಳಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ ಲಕ್ಷ್ಮಿಯ ದೀಪ ಉರಿಯುವಾಗ, ಅಂಗಡಿಯಲ್ಲಿ ಇಲ್ಲ ಎನ್ನಬಾರದೆಂಬುದು ನಮ್ಮ ಕಡೆಯ ವ್ಯಾಪಾರಸ್ಥರ ರೂಢಿ. ಉಳಿದವರು ಜಾಣರು, "ನಾಳಿ ಬರ್ರಿ" ಎಂದು ಸಾಗಹಾಕುತ್ತಿದ್ದರು. ಮಾವನಿಗೆ ಅದು ಶುದ್ಧ ಮೋಸವಾಗಿ ಕಾಣುತ್ತಿತ್ತು. ನಾಳೆಯೂ ಬಾರದ ಸರಕಿಗೆ ನಾಳೆ ಬಾ ಎನ್ನುವುದೇ? ಮನೆಯಲ್ಲಿ ಬೇಕಾದಷ್ಟು ಸಲ ಇಲ್ಲ ಎನ್ನುವ ಮನುಷ್ಯ, ಅಂಗಡಿಯ ಗಾದಿಯ ಮೇಲೆ ಕೂತನೆಂದರೆ ನಾಲಿಗೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ನಾನು ಆಗ ಮಾವನ ಮನೆಯಲ್ಲೇ ಇದ್ದು ಮಾಸ್ತರಿಕೆ ಮಾಡುತ್ತಿದ್ದೆ. ಶಾಲೆಗೆ ಹಬ್ಬದ ರಜೆ ಬಂತೆಂದರೆ ಅಂಗಡಿಯ ಕಟ್ಟೆಯೇ ನನ್ನ ನಾಟಕಶಾಲೆ.

ಪಾಪಿನಾಯಕನಹಳ್ಳಿಯ ರೈತನೊಬ್ಬ ಬಂದ. "ಸೀಮಿಎಣ್ಣಿ ಐತೇನ್ರಿ?"

"ಬರ್ರಿ, ಮೊದ್ಲು ಕುಂದ್ರಿ. ಯಾವೂರಾತು? ಮಳಿ ಹೆಂಗೈತಿ? ನಿಮ್ಮೂರಾಗ ನಮ್ಮ ಬೀಗ್ರೊಬ್ರು ಅದಾರ..."

ನೀರು ಬಂತು, ಬೆಲ್ಲ ಬಂತು, ಎಲೆಅಡಿಕೆ ಬಂತು. ಸೀಮೆಎಣ್ಣೆಯೊಂದು ಬರಲಿಲ್ಲ. ಕಡೆಗೆ ಆ ಪುಣ್ಯಾತ್ಮನೇ ಎದ್ದು ಕೈಮುಗಿದ. "ಸಾವ್ಕಾರ್ರ, ಇಲ್ಲಂತ ನಾನ ಅನ್ಕೊಂತೀನಿ. ನನ್ನ ಬಿಡ್ರಿ, ಎತ್ತು ಹಸದಾವ!"

ಕೊಬ್ಬರಿ ಕೇಳಿದವನನ್ನು ಮಾವ ಕೈಹಿಡಿದು ಎದುರಿನ ಅಂಗಡಿಗೆ ಕರೆದೊಯ್ದ. ಅವನ ಪರವಾಗಿ ತಾನೇ ಚೌಕಾಸಿ ಮಾಡಿ, ಒಳ್ಳೆಯ ಬಟ್ಟಲು ಆರಿಸಿ ಕೊಡಿಸಿ ಬಂದ. ಎದುರಂಗಡಿಯವನು ನನ್ನನ್ನು ಕರೆದು ಪಿಸುಗುಟ್ಟಿದ: "ಮಾಸ್ತರ, ನಿಮ್ಮ ಮಾಮಾ ಹಿಂಗ ವ್ಯಾಪಾರ ಮಾಡಿದ್ರ ಈ ವರ್ಷ ನಾ ಮಾಳಿಗಿ ಕಟ್ಟಸ್ತೀನಿ. ಅವರಿಗೆ ಭಾಳ ದೃಷ್ಟಿ ಆಗೇತಿ, ಇಳಿ ತಗೀರಿ!"

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅಂಗಡಿಯ ಹಿಂದೊಂದು ಬಾಗಿಲು. ಅದನ್ನು ದಾಟಿದರೆ ಅತ್ತೆಯ ಅಡುಗೆಮನೆ! ಡಬ್ಬಿ ಖಾಲಿಯಾದರೆ ಮಾವ ಮೆಲ್ಲಗೆ ಆ ಬಾಗಿಲಲ್ಲಿ ಮಾಯವಾಗುತ್ತಿದ್ದ. ಒಂದು ದಿನ ಒಲೆಯ ಮೇಲೆ ಸಾರು ಕುದಿಯುತ್ತಿದೆ, ಅತ್ತೆ ಕೈಚಾಚಿದರೆ ಉಪ್ಪಿನ ಗಡಿಗೆಯೇ ಕಾಣೆ.

"ಉಪ್ಪು ಎಲ್ಲಿ ಹೋತ್ರಿ?"

"ಗಿರಾಕಿ ಜೋಡಿ ಮೆಟ್ರಿ ಊರಿಗೆ ಹೋತು" ಎಂದ ಮಾವ, ತಲೆ ಎತ್ತದೆ.

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಮಗಳು ನೀಲಮ್ಮನನ್ನು ಕಂಪ್ಲಿಗೆ ಕೊಟ್ಟಿದ್ದರು. ಅದು ಅಳಿಯನ ಮೊದಲ ದೀಪಾವಳಿ. ಬೀಗರದು ಕಬ್ಬಿನ ಗದ್ದೆ, ಸ್ವಂತ ಗಾಣ. ಮನೆ ತುಂಬ ಬೆಲ್ಲ. ಅಂಥವರ ಮಗನಿಗೆ ಬೆಲ್ಲದ ಹೋಳಿಗೆ ಬಡಿಸಿದರೆ ಮಾನ ಉಳಿದೀತೇ? ಸಕ್ಕರೆ ಹೋಳಿಗೆಯೇ ಆಗಬೇಕು. ಅದಕ್ಕಾಗಿ ಅತ್ತೆ ಎಷ್ಟೋ ದಿನ ಬೆಲ್ಲದ ಚಹಾ ಕುಡಿದು, ಪಾಲಿಗೆ ಬಂದ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಹಿತ್ತಾಳೆ ತಂಬಿಗೆಯಲ್ಲಿ ಕೂಡಿಟ್ಟಿದ್ದಳು. ಈಗ ಗಂಡನ ಮುಂದೆ ನಿಂತು ಕೈಯೊಡ್ಡಿದಳು. "ಉಪ್ಪು ಹೋಗ್ಲಿ, ಹುಣಸಿಹಣ್ಣು ಹೋಗ್ಲಿ. ಸಕ್ರಿ ಕೇಳಿದ್ರ ಮಾತ್ರ ಇಲ್ಲ ಅನ್ತೀನಂತ ಭಾಷಿ ಕೊಡ್ರಿ."

ಮಾವ ಕೊಟ್ಟ. ಕೊಟ್ಟಮೇಲೆ ಅಭ್ಯಾಸ ಬೇಡವೇ? ಮಾಸ್ತರನಾದ ನನ್ನ ಮೇಲೆ ಆ ಹೊಣೆ ಬಿತ್ತು.

"ಮಾಮಾ, ಇಲ್ಲ ಅನ್ರಿ ನೋಡೋಣು."

"ಇ..."

"ಹ್ಞಾಂ, ಮುಂದ?"

"ಇರ್ರಿ, ಒಳಗ ಕೇಳಿ ಬರ್ತೀನಿ!"

ನನ್ನ ಶಾಲೆಯಲ್ಲಿ ಇಂಥ ದಡ್ಡ ಒಬ್ಬನೂ ಇರಲಿಲ್ಲ.

ಹಬ್ಬದ ಬೆಳಿಗ್ಗೆ. ಮಗಳು ಅಳಿಯ ಬಂದಾಗಿದೆ, ಎಣ್ಣೆಸ್ನಾನ ನಡೆದಿದೆ, ಒಲೆಯ ಮೇಲೆ ಬೇಳೆ ಬೇಯುತ್ತಿದೆ. ಅಂಗಡಿಗೆ ಸಂಡೂರು ಕಡೆಯ ಹೆಂಗಸೊಬ್ಬಳು ಬಂದಳು. ಬಿಸಿಲಿಗೆ ಮುಖ ಬಾಡಿತ್ತು.

"ಯಪ್ಪಾ, ಒಂದೀಟು ಸಕ್ರಿ ಐತೇನ್ರಿ? ಮಗ ದಂಡಿನಿಂದ ರಜಾ ಮ್ಯಾಲ ಬಂದಿದ್ದ, ಸಂಜಿ ಗಾಡಿಗೆ ಹೊಂಟಾನ. ಎಲ್ಲಿಗೆ ಕಳಸ್ತಾರಂತ ಅವಗೂ ಗೊತ್ತಿಲ್ಲ. ಸಣ್ಣಾಂವ ಇದ್ದಾಗಿಂದ ಸಕ್ರಿ ಸಜ್ಜಿಗಿ ಅಂದ್ರ ಜೀವ. ಬಜಾರೆಲ್ಲಾ ತಿರುಗಿದೆ, ಎಲ್ರೂ ನಾಳಿ ಬಾ ಅಂತಾರ. ನಾಳಿ ತಗೊಂಡು ನಾ ಏನ್ ಮಾಡ್ಲಿ?"

ಮಾವ ಅವಳಿಗೆ ಕುಂದ್ರು ಎನ್ನಲಿಲ್ಲ. ಊರು ಕೇಳಲಿಲ್ಲ, ಮಳೆ ಕೇಳಲಿಲ್ಲ. ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಉರಿಯುವ ದೀಪಕ್ಕೆ ಬೆನ್ನು ಮಾಡಿ, ಬಾಯಿ ತೆರೆದ.

"ಇಲ್ಲವ್ವ."

"ಇರ್ಲಿ ಬಿಡ್ರಿ" ಎಂದು ಅವಳು ಮೆಟ್ಟಿಲಿಳಿದಳು. ಮಾವನ ಮುಖ ನೋಡಲಾರದೆ ನಾನು ನೆಲ ನೋಡಿದೆ.

ಹಿಂದಿನ ಬಾಗಿಲು ದಡಾರನೆ ತೆರೆಯಿತು. ಅತ್ತೆ! ಕೈಯಲ್ಲಿ ತಂಬಿಗೆ.

"ಯವ್ವಾ, ನಿಂದ್ರ! ಸೆರಗು ಹಿಡಿ" ಎನ್ನುತ್ತ ಬೀದಿಗಿಳಿದು, ಇದ್ದಷ್ಟನ್ನೂ ಆ ತಾಯಿಯ ಸೆರಗಿಗೆ ಸುರಿದು, ತಾನೇ ಗಂಟು ಕಟ್ಟಿದಳು.

ಮಾವ ಗಾದಿಯಿಂದ ಎದ್ದು ನಿಂತಿದ್ದ. "ಅಳಿಯಗ?" ಎಂದ, ಕೇಳಿಸದಷ್ಟು ಮೆಲ್ಲಗೆ.

"ಬೆಲ್ಲ ತಿಂತಾನ ಬಿಡ್ರಿ. ಕಂಪ್ಲಿಯವ್ರು ಏನರ ಅಂದ್ಕೊಳ್ಳಿ" ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಆದ್ರ ನೀವು ಇನ್ನೊಮ್ಮೆ ಯಾರಿಗೂ ಹಂಗ ಅನಬ್ಯಾಡ್ರಿ. ನನಗ ಕೇಳಾಕ ಆಗೂದಿಲ್ಲ."